ಐವತ್ತರಲ್ಲಿ ಐದು ಕಂದು ವ್ಯಾಗನ್ನುಗಳು

ಮೇಷ್ಟ್ರು: ನಿಮ್ಮ ಹವ್ಯಾಸದ ಬಗ್ಗೆ ನನಗೊಂದು ತಕರಾರಿದೆ, ನೇರವಾಗಿಯೇ ಕೇಳಿಬಿಡುತ್ತೇನೆ. ಉಗಿ ಎಂಜಿನ್ ಕಾಲದ ರೈಲನ್ನು ಚಿಕ್ಕದಾಗಿ ಮಾಡಿ ಓಡಿಸುವ ಆಸೆ ನನಗೆ ಅರ್ಥವಾಗುತ್ತದೆ. ಎಂಜಿನ್ ಅಂದರೆ ಆ ಚಕ್ರ, ಆ ಸರಳು, ಹೊಗೆ, ಸದ್ದು, ನೋಡಿದಷ್ಟೂ ನೋಡಬೇಕೆನಿಸುತ್ತದೆ. ಆದರೆ ನಿಮ್ಮಂಥವರು ಅಮೆರಿಕದ ಹಳೆಯ ಗೂಡ್ಸ್ ವ್ಯಾಗನ್ನುಗಳ ಬೆನ್ನು ಹತ್ತಿದ್ದೀರಿ. ಕಂದು ಬಣ್ಣದ ಒಂದು ಡಬ್ಬಿ, ಕೆಳಗೆರಡು ಬೋಗಿ, ಪಕ್ಕಕ್ಕೊಂದು ಜಾರುಬಾಗಿಲು. ಒಂದರಂತೆಯೇ ಇನ್ನೊಂದು. ಅದರ ರಿವೆಟ್ ಎಣಿಸುತ್ತ, ಬ್ರೇಕಿನ ಕೊಳವೆ ಯಾವ ಕಡೆಗೆ ಬಾಗಿತ್ತು ಅಂತ ಹುಡುಕುತ್ತ ತಿಂಗಳುಗಟ್ಟಲೆ ಕೂರುವುದರಲ್ಲಿ ಇತಿಹಾಸ ಎಲ್ಲಿದೆ? ಇತಿಹಾಸದ ಪಾಠ ಹೇಳುವವನಾಗಿ ಕೇಳುತ್ತಿದ್ದೇನೆ.

ಹವ್ಯಾಸಿ: ಒಂದರಂತೆಯೇ ಇನ್ನೊಂದು ಅಂದಿರಲ್ಲ ಮೇಷ್ಟ್ರೇ, ಅಲ್ಲಿಂದಲೇ ಹಿಡಿಯೋಣ. 1940ರ ದಶಕದಲ್ಲಿ ಅಮೆರಿಕದ ಹಳಿಗಳ ಮೇಲೆ ಸುಮಾರು 20 ಲಕ್ಷ ಗೂಡ್ಸ್ ವ್ಯಾಗನ್ನುಗಳಿದ್ದವು. ಅವುಗಳಲ್ಲಿ ಮೂರನೇ ಒಂದು ಪಾಲಿಗೂ ಹೆಚ್ಚು ನೀವು ಹೇಳುವ ಕಂದು ಡಬ್ಬಿಗಳೇ. ಅಲ್ಲಿನವರ ಬಾಯಲ್ಲಿ ಅದು ಬಾಕ್ಸ್‌ಕಾರು. ಅಲ್ಲಿ ರೈಲ್ವೆ ಸರ್ಕಾರದ್ದಲ್ಲ, ನೂರಾರು ಖಾಸಗಿ ಕಂಪನಿಗಳದ್ದು. ಆದರೂ ಒಂದು ಕಂಪನಿಯ ವ್ಯಾಗನ್ನು ಇನ್ನೊಂದರ ಹಳಿ ಹತ್ತಬೇಕು, ದಾರಿಯಲ್ಲಿ ಕೆಟ್ಟರೆ ಅಲ್ಲೇ ರಿಪೇರಿಯಾಗಬೇಕು, ದಿನಕ್ಕಿಷ್ಟು ಅಂತ ಬಾಡಿಗೆ ಮಾಲೀಕ ಕಂಪನಿಗೆ ಸೇರಬೇಕು. 1867ರಲ್ಲಿ ಹುಟ್ಟಿದ ಮಾಸ್ಟರ್ ಕಾರ್ ಬಿಲ್ಡರ್ಸ್ ಅಸೋಸಿಯೇಷನ್ನಿನ ಕಾಲದಿಂದ ಇದಕ್ಕೆಂದೇ ನಿಯಮಗಳು ಬೆಳೆಯುತ್ತ ಬಂದವು. ಹೀಗಾಗಿ ಪಶ್ಚಿಮದ ವಯೋಮಿಂಗ್‌ನಲ್ಲಿ ಶೆರ್ಮನ್ ಹಿಲ್ ಏರುತ್ತಿದ್ದ ಯೂನಿಯನ್ ಪೆಸಿಫಿಕ್‌ನ ಗೂಡ್ಸ್ ಗಾಡಿಯಲ್ಲಿ ಪೆನ್ಸಿಲ್ವೇನಿಯಾದ್ದು, ನ್ಯೂಯಾರ್ಕಿನದು, ತೀರ ದಕ್ಷಿಣದ್ದು ಎಲ್ಲ ಬೆರೆತಿರುತ್ತಿದ್ದವು. ಆ ಗಾಡಿಯ ಒಂದು ಹಳೆಯ ಫೋಟೋ ಇಟ್ಟುಕೊಂಡು ಚಾವಣಿಗಳ ಸಾಲನ್ನಷ್ಟೇ ನೋಡಿ. ಅದು ಗೆರೆ ಎಳೆದ ಹಾಗೆ ನೇರವಾಗಿರುವುದಿಲ್ಲ, ಏರಿಳಿಯುತ್ತದೆ. ಪೆನ್ಸಿಲ್ವೇನಿಯಾ ರೈಲ್‌ರೋಡ್ 1924ರಿಂದ ಕಟ್ಟಿದ ಎಕ್ಸ್-29 ಮಾದರಿಯ ಒಳ ಎತ್ತರ 8 ಅಡಿ 7 ಇಂಚು. 1937ರ ಹೊಸ ಪ್ರಮಾಣದ ನಕ್ಷೆ ಬಂದಾಗ ಅದು 10 ಅಡಿಯಾಯಿತು, ಆಮೇಲೆ ಇನ್ನೂ ಆರು ಇಂಚು ಸೇರಿತು. ಎಕ್ಸ್-29ನ್ನೂ ಈ ಕೊನೆಯದನ್ನೂ ಒಂದಕ್ಕೊಂದು ಸಿಕ್ಕಿಸಿದರೆ ನಡುವೆ ಎರಡು ಅಡಿಗೆ ಸ್ವಲ್ಪವೇ ಕಡಿಮೆ ಮೆಟ್ಟಿಲು. ನಾವು ಕೆಲಸ ಮಾಡುವ ಎಚ್‌ಒ ಅಳತೆ ಅಂದರೆ ಅಸಲಿನ 87ನೇ ಒಂದು ಪಾಲು. ಅದರಲ್ಲೂ ಈ ವ್ಯತ್ಯಾಸ ಏಳು ಮಿಲಿಮೀಟರಿನ ಹತ್ತಿರ ಬರುತ್ತದೆ, ಬರಿಗಣ್ಣಿಗೆ ಕಾಣುತ್ತದೆ. ಲಾರಿಗಳ ಪೈಪೋಟಿ ಹೆಚ್ಚುತ್ತಿದ್ದ ಕಾಲದಲ್ಲಿ ಒಂದೇ ವ್ಯಾಗನ್ನಿಗೆ ಹೆಚ್ಚು ಸರಕು ತುಂಬಿಸಲು ರೈಲ್ವೆಗಳು ಮಾಡಿದ ಪ್ರಯತ್ನ ಆ ಮೆಟ್ಟಿಲಿನಲ್ಲಿದೆ.

ಮೇಷ್ಟ್ರು: ಸರಿ, ಭೇದ ಇದೆ ಅಂತಲೇ ಇಟ್ಟುಕೊಳ್ಳೋಣ. ಆದರೆ ಅದನ್ನು ಕಾಪಾಡುವುದಕ್ಕೆ ಮ್ಯೂಸಿಯಂಗಳಿವೆ. ಅಸಲು ವ್ಯಾಗನ್ನೇ ನಿಂತಿರುವಾಗ ಅಂಗೈಯಗಲದ ಗೊಂಬೆ ಯಾಕೆ?

ಹವ್ಯಾಸಿ: ಮ್ಯೂಸಿಯಂ ಏನನ್ನು ಉಳಿಸಿಕೊಳ್ಳುತ್ತದೆ ಅನ್ನುವುದನ್ನು ನೋಡಿ. ಯೂನಿಯನ್ ಪೆಸಿಫಿಕ್‌ಗಾಗಿ 1941ರಿಂದ 1944ರೊಳಗೆ ಬಿಗ್ ಬಾಯ್ ಎನ್ನುವ ದೈತ್ಯ ಎಂಜಿನ್ನುಗಳು 25 ತಯಾರಾದವು. ಎಂಟು ಇವತ್ತಿಗೂ ಉಳಿದಿವೆ. ಅಂದರೆ ಮೂರಕ್ಕೊಂದು. ಎಕ್ಸ್-29 ವ್ಯಾಗನ್ನುಗಳು 30,000ದ ಹತ್ತಿರ ತಯಾರಾದವು; ಉಳಿದದ್ದು ನೂರಕ್ಕೊಂದೂ ಇಲ್ಲ. ನಮ್ಮ ಮೈಸೂರಿನ ರೈಲ್ವೆ ಮ್ಯೂಸಿಯಂಗೆ ಹೋದವರು ಮನೆಗೆ ಬಂದು ವರ್ಣಿಸುವುದೂ ಮಹಾರಾಣಿ ಸಲೂನನ್ನೇ. ಇದರಲ್ಲಿ ಯಾರ ತಪ್ಪೂ ಇಲ್ಲ. ಅಪರೂಪದ್ದು ಅಪರೂಪವಾಗಿರುವುದರಿಂದಲೇ ಉಳಿಯುತ್ತದೆ, ಸಾಮಾನ್ಯವಾದದ್ದು ಎಲ್ಲೆಲ್ಲೂ ಇದ್ದುದರಿಂದಲೇ ಗುಜರಿಗೆ ಹೋಗುತ್ತದೆ. ಫೋಟೋಗಳ ಕಥೆಯೂ ಇದೇ. ರೀಲಿಗೆ ದುಡ್ಡು ಕೊಟ್ಟವನು ಕ್ಯಾಮೆರಾ ಹಿಡಿದದ್ದು ಎಂಜಿನ್ನಿಗೆ. ಅದರ ಹಿಂದಿನ ಎರಡೋ ಮೂರೋ ವ್ಯಾಗನ್ನುಗಳು ಚೌಕಟ್ಟಿನ ಅಂಚಿನಲ್ಲಿ ಮಸುಕಾಗಿ ಬಂದಿವೆ. ಕಾರ್ಖಾನೆಯವರು ತೆಗೆಸಿದ ಫೋಟೋ ಸ್ಪಷ್ಟವಾಗಿರುತ್ತದೆ, ಆದರೆ ಅದು ವ್ಯಾಗನ್ನು ಹುಟ್ಟಿದ ದಿನದ ಮುಖ. ಮುಂದಿನ ಮೂವತ್ತು ವರ್ಷದ ಬಿಸಿಲು ಮಳೆ ಅದರಲ್ಲಿಲ್ಲ. ನಾನು ಒತ್ತಿ ಹೇಳಬೇಕೆಂದಿರುವ ಮಾತು ಇದು: ಸಾಮಾನ್ಯ ವಸ್ತುವಿಗೆ ನ್ಯಾಯ ಸಲ್ಲಿಸುವುದೇ ಈ ಹವ್ಯಾಸದ ಅತ್ಯಂತ ಗಂಭೀರವಾದ ಕೆಲಸ, ಅದನ್ನು ಬೇರೆ ಯಾರೂ ಇಷ್ಟು ಶ್ರದ್ಧೆಯಿಂದ ಮಾಡುತ್ತಿಲ್ಲ. ಒಂದು ವ್ಯಾಗನ್ನನ್ನು ಸರಿಯಾಗಿ ಮಾಡಿದರೆ ಅರ್ಧ ಕೆಲಸವಾದಂತೆ. ಯಾವ ವ್ಯಾಗನ್ನು ಎಷ್ಟು ಸಂಖ್ಯೆಯಲ್ಲಿ ಇರಬೇಕು ಅನ್ನುವುದನ್ನೂ ಸರಿಯಾಗಿ ಮಾಡಿದಾಗಲೇ ಅದು ಆ ಕಾಲದ ಗಾಡಿಯಾಗುತ್ತದೆ.

ಮೇಷ್ಟ್ರು: ಸಂಖ್ಯೆ ಅಂದರೆ? ಮನೆಯಲ್ಲಿ ಗಾಡಿ ಜೋಡಿಸುವವನಿಗೆ ಜನಗಣತಿಯ ಲೆಕ್ಕ ಯಾಕೆ ಬೇಕು?

ಹವ್ಯಾಸಿ: ಬೇಕು. ಯಾಕೆಂದರೆ ಲೆಕ್ಕವಿಲ್ಲದಿದ್ದರೆ ಕಣ್ಣು ಬಣ್ಣದ ಕಡೆಗೆ ವಾಲುತ್ತದೆ. ಅಮೆರಿಕದಲ್ಲಿ ಒಂದು ಕಾಲಕ್ಕೆ ಬಿಯರ್, ಬೆಣ್ಣೆ, ಮಾಂಸದ ಕಂಪನಿಗಳು ಬಾಡಿಗೆಗೆ ಹಿಡಿದ ಮಂಜುಗಡ್ಡೆ ವ್ಯಾಗನ್ನುಗಳ ಮೈತುಂಬ ಬಣ್ಣಬಣ್ಣದ ಜಾಹೀರಾತು ಬರೆಸುತ್ತಿದ್ದವು. ಒಬ್ಬರ ಸರಕು ಸಾಗಿಸುವ ವ್ಯಾಗನ್ನಿನ ಮೇಲೆ ಅವರ ಎದುರಾಳಿಯ ಜಾಹೀರಾತು ಇರುವುದು ಸರಿಯಲ್ಲ, ಅದು ಹಿಂಬಾಗಿಲಿನ ರಿಯಾಯಿತಿಯೂ ಆಗುತ್ತದೆ ಅನ್ನುವ ಆಕ್ಷೇಪ ಎದ್ದು, 1934ರಲ್ಲಿ ಅಂತರರಾಜ್ಯ ವಾಣಿಜ್ಯ ಆಯೋಗ ಅದಕ್ಕೆ ತಡೆ ಹಾಕಿತು. ಕೆಲವೇ ವರ್ಷಗಳಲ್ಲಿ ಅವು ಹಳಿಯಿಂದ ಮಾಯವಾದವು. ಆದರೆ ಆಟಿಕೆ ಗಾಡಿಗಳ ಲೋಕದಲ್ಲಿ ಅವಕ್ಕೆ ಸಾವೇ ಇಲ್ಲ. 1950ರ ದಶಕ ಅಂತ ಹೇಳಿಕೊಳ್ಳುವ ಹಳಿಗಳ ಮೇಲೂ ಸಾಲುಗಟ್ಟಿ ಓಡುತ್ತವೆ. ಈಗ ಇನ್ನೊಂದು ಕಡೆ ನೋಡಿ. ಪೆನ್ಸಿಲ್ವೇನಿಯಾ ರೈಲ್‌ರೋಡ್ ಒಂದರ ಬಳಿಯೇ 1940ರ ದಶಕದಲ್ಲಿ 2 ಲಕ್ಷಕ್ಕೂ ಹೆಚ್ಚು ವ್ಯಾಗನ್ನುಗಳಿದ್ದವು. ಇಡೀ ದೇಶದ ಹತ್ತು ವ್ಯಾಗನ್ನುಗಳಲ್ಲಿ ಒಂದು ಅದರದ್ದು. ಬಾಕ್ಸ್‌ಕಾರಿಗೆ ಯಾವ ಸರಕಾದರೂ ಆಗುತ್ತದೆ: ಗೋಧಿ, ಹಿಟ್ಟು, ಕಾಗದ, ಮೊಳೆ, ಸಕ್ಕರೆ. ಆದ್ದರಿಂದ ಅದು ಖಾಲಿಯಾದ ಊರಿನಲ್ಲೇ ಇನ್ನೊಂದು ಸರಕು ತುಂಬಿಕೊಂಡು ಮತ್ತೊಂದು ದಿಕ್ಕಿಗೆ ಹೋಗುತ್ತಿತ್ತು. ಹೀಗೆ ವರ್ಷಗಟ್ಟಲೆ ಅಲೆದ ಮೇಲೆ, ಯಾವುದೇ ಮಾರ್ಗದಲ್ಲಿ ನಿಂತು ನೋಡಿದರೂ ಪರಕಂಪನಿಗಳ ಬಾಕ್ಸ್‌ಕಾರುಗಳು ಹೆಚ್ಚುಕಡಿಮೆ ಆಯಾ ಕಂಪನಿಗೆ ದೇಶದಲ್ಲಿರುವ ಪಾಲಿನಷ್ಟೇ ಕಾಣಬೇಕು ಅನ್ನುವುದು ಈ ಹವ್ಯಾಸಿಗಳೇ ಲೆಕ್ಕ ಹಾಕಿ ಮುಂದಿಟ್ಟ ಊಹೆ. ಹಾಗಾಗಿ ವಯೋಮಿಂಗ್ ಮಾರ್ಗವನ್ನು ಮಾಡುವವನು ಪರಕಂಪನಿಗಳ ಐವತ್ತು ಬಾಕ್ಸ್‌ಕಾರು ಇಟ್ಟುಕೊಂಡರೆ ಅವುಗಳಲ್ಲಿ ಸುಮಾರು ಐದು, ಎರಡು ಸಾವಿರ ಕಿಲೋಮೀಟರಿಗೂ ಆಚೆಯ ಪೆನ್ಸಿಲ್ವೇನಿಯಾದವು. ಐದೂ ಕಂದು, ಐದೂ ಮೊದಲ ನೋಟಕ್ಕೆ ಮಂಕು.

ಮೇಷ್ಟ್ರು: ಊಹೆ ಅಂದಿರಿ. ಊಹೆಯನ್ನು ಊಹೆಯಾಗಿಯೇ ಇಡಬೇಕಲ್ಲವೇ? ಸರಾಸರಿ ಅನ್ನುವುದು ಎಲ್ಲಿಯೂ ಇರದ ಊರು. ಒಂದು ಕವಲು ಹಳಿ, ಒಂದು ಮರದ ಮಿಲ್ಲು, ಒಂದು ಸುಗ್ಗಿಯ ವಾರ: ಇತಿಹಾಸ ಇಂಥ ಕಡೆ ಇರುತ್ತದೆ. ದೇಶದ ಶೇಕಡಾವಾರು ಲೆಕ್ಕವನ್ನು ತಂದು ಎಲ್ಲ ಹಳಿಗೂ ಹೊದಿಸಿದರೆ ಸ್ಥಳೀಯ ಸತ್ಯ ಅಳಿಸಿಹೋಗುವುದಿಲ್ಲವೇ?

ಹವ್ಯಾಸಿ: ಈ ಆಕ್ಷೇಪವನ್ನು ನಾನು ಅರ್ಧಕ್ಕಿಂತ ಹೆಚ್ಚೇ ಒಪ್ಪುತ್ತೇನೆ. ಮೊದಲನೆಯದಾಗಿ, ಆ ಲೆಕ್ಕ ಅಲೆಮಾರಿ ಬಾಕ್ಸ್‌ಕಾರಿಗೆ ಮಾತ್ರ ಹೊಂದುತ್ತದೆ. ಕಲ್ಲಿದ್ದಲ ವ್ಯಾಗನ್ನು ಗಣಿಗೂ ಕಾರ್ಖಾನೆಗೂ ನಡುವೆ ಓಡಾಡಿಕೊಂಡಿರುತ್ತದೆ, ಖಾಲಿಯಾದ ತಕ್ಷಣ ಗಣಿಗೆ ವಾಪಸ್ಸು. ವರ್ಜೀನಿಯಾದ ಕಲ್ಲಿದ್ದಲ ವ್ಯಾಗನ್ನು ವಯೋಮಿಂಗ್‌ಗೆ ಬರುವ ಕಾರಣವೇ ಇಲ್ಲ. ಮಂಜುಗಡ್ಡೆ ವ್ಯಾಗನ್ನಿನ ರೀತಿ ಬೇರೆ. ಪೆಸಿಫಿಕ್ ಫ್ರೂಟ್ ಎಕ್ಸ್‌ಪ್ರೆಸ್ ಕಂಪನಿಯ ಸುಮಾರು 40,000 ವ್ಯಾಗನ್ನುಗಳು ಕ್ಯಾಲಿಫೋರ್ನಿಯಾದ ಹಣ್ಣು, ಸೊಪ್ಪು ತುಂಬಿಕೊಂಡು, ದಾರಿಯುದ್ದಕ್ಕೂ ಚಾವಣಿಯ ಮುಚ್ಚಳ ತೆರೆದು ಮಂಜುಗಡ್ಡೆ ಹಾಕಿಸಿಕೊಳ್ಳುತ್ತ ಪೂರ್ವಕ್ಕೆ ಹೋಗುತ್ತಿದ್ದವು. ಶೆರ್ಮನ್ ಹಿಲ್ ಮೇಲೆ ಅವುಗಳ ಇಡೀ ಸಾಲುಗಳೇ ಇರುತ್ತಿದ್ದವು. ಎರಡನೆಯದಾಗಿ, ಎಲ್ಲ ಮಾರ್ಗದಲ್ಲೂ ಸ್ವಂತ ಕಂಪನಿಯ ವ್ಯಾಗನ್ನುಗಳು ತಮ್ಮ ಪಾಲಿಗಿಂತ ಹೆಚ್ಚೇ ಇರುತ್ತವೆ. ಇದೆಲ್ಲ ಬರೀ ತರ್ಕದಿಂದ ಗೊತ್ತಾದದ್ದಲ್ಲ. ಅಲ್ಲಿ ಗೂಡ್ಸ್ ಗಾಡಿಗೂ ಕಂಡಕ್ಟರ್ ಇರುತ್ತಿದ್ದ, ನಮ್ಮ ಗಾರ್ಡ್ ಇದ್ದ ಹಾಗೆ. ಗಾಡಿಯಲ್ಲಿದ್ದ ಪ್ರತಿ ವ್ಯಾಗನ್ನಿನ ಕಂಪನಿ, ನಂಬರು, ತುಂಬಿದೆಯೋ ಖಾಲಿಯೋ, ಎಲ್ಲಿಗೆ ಅನ್ನುವುದನ್ನು ಜೇಬಿನ ಪುಸ್ತಕದಲ್ಲಿ ಪೆನ್ಸಿಲಿನಿಂದ ಬರೆದುಕೊಳ್ಳುತ್ತಿದ್ದ. ಅಂಥ ಕೆಲವು ಪುಸ್ತಕಗಳು ಉಳಿದುಬಂದಿವೆ. ಅದರಲ್ಲಿನ ನಂಬರನ್ನು ಆ ಕಾಲದ ಅಫೀಶಿಯಲ್ ರೈಲ್ವೆ ಇಕ್ವಿಪ್‌ಮೆಂಟ್ ರಿಜಿಸ್ಟರಿನಲ್ಲಿ ಹುಡುಕಿದರೆ ಆ ವ್ಯಾಗನ್ನಿನ ಉದ್ದ, ಎತ್ತರ, ಬಾಗಿಲಿನ ಅಗಲ, ಹೊರುವ ಭಾರ ಎಲ್ಲ ಸಿಗುತ್ತದೆ. ಸತ್ತುಹೋದ ಒಬ್ಬ ಕೆಲಸಗಾರನ ಜೇಬಿನ ಪುಸ್ತಕದಿಂದ ಒಂದು ದಿನದ ಒಂದು ಗಾಡಿಯನ್ನು ತಲೆಯಿಂದ ಬಾಲದವರೆಗೆ ಹೀಗೆ ಎಬ್ಬಿಸಿ ನಿಲ್ಲಿಸಬಹುದು. ನೀವು ಕೇಳಿದ ಸ್ಥಳೀಯ ಸತ್ಯ ಇದೇ. ಅದು ದೇಶದ ಸರಾಸರಿಯಿಂದ ಎಲ್ಲಿ ಬೇರೆಯಾಗುತ್ತದೆ ಅಂತ ಗೊತ್ತಾಗಬೇಕಾದರೆ ಸರಾಸರಿ ಮೊದಲು ಕೈಯಲ್ಲಿರಬೇಕು.

ಮೇಷ್ಟ್ರು: ಹಾಗಾದರೆ ಅದನ್ನು ಬರೆದಿಡಿ. ಒಂದು ಪಟ್ಟಿ ಮಾಡಿ, ಲೇಖನ ಬರೆಯಿರಿ. ಜ್ಞಾನ ಅಲ್ಲಿಗೆ ಪೂರ್ತಿಯಾಯಿತು. ಮತ್ತೆ ಪ್ಲಾಸ್ಟಿಕ್ ಕತ್ತರಿಸಿ ಅಂಟಿಸಿ ಬಣ್ಣ ಬಳಿಯುವುದರಿಂದ ಆ ಜ್ಞಾನಕ್ಕೆ ಏನು ಸೇರುತ್ತದೆ?

ಹವ್ಯಾಸಿ: ಬರೆಯುವವನಿಗೆ ಒಂದು ಅನುಕೂಲವಿದೆ ಮೇಷ್ಟ್ರೇ, ಗೊತ್ತಿಲ್ಲದ್ದನ್ನು ಬಿಟ್ಟು ಮುಂದಿನ ವಾಕ್ಯಕ್ಕೆ ಹೋಗಬಹುದು. ಮಾಡುವವನಿಗೆ ಆ ದಾರಿ ಇಲ್ಲ. ವ್ಯಾಗನ್ನಿನ ಹೊಟ್ಟೆಯ ಕೆಳಗೆ ಏನಾದರೊಂದು ಇರಲೇಬೇಕು, ಏನಿತ್ತು? 1933ಕ್ಕೆ ಮುಂಚಿನದಾದರೆ ಹಳೆಯ ಕೆ ಮಾದರಿಯ ಏರ್ ಬ್ರೇಕು, ಸಾಮಾನ್ಯವಾಗಿ ಸಿಲಿಂಡರು, ಗಾಳಿಯ ಪಾತ್ರೆ, ವಾಲ್ವು ಮೂರೂ ಒಂದಕ್ಕೊಂದು ಅಂಟಿಕೊಂಡ ಒಂದೇ ಮುದ್ದೆ. ಆಮೇಲೆ ಬಂದ ಎಬಿ ಮಾದರಿಯಲ್ಲಿ ಮೂರೂ ಬೇರೆಬೇರೆ, ನಡುವೆ ಕೊಳವೆಗಳು. ಉದ್ದದ ಗಾಡಿಗಳಲ್ಲಿ ಬ್ರೇಕು ಕೊನೆಯ ವ್ಯಾಗನ್ನಿಗೂ ಬೇಗ ತಲುಪಲಿ ಅಂತ ಈ ಬದಲಾವಣೆ. ಆದರೆ ಲಕ್ಷಾಂತರ ಹಳೆಯ ವ್ಯಾಗನ್ನುಗಳಿಗೆ ಹೊಸದನ್ನು ಹಾಕಿಸುವುದು ಖರ್ಚಿನ ಕೆಲಸ. ಆರ್ಥಿಕ ಕುಸಿತ, ಆಮೇಲೆ ಯುದ್ಧ, ಗಡುವು ಮುಂದಕ್ಕೆ ಹೋಗುತ್ತಲೇ ಬಂತು. ಕೊನೆಗೆ 1953ರ ಹೊತ್ತಿಗೆ ಕೆ ಬ್ರೇಕಿನ ವ್ಯಾಗನ್ನನ್ನು ಪರಕಂಪನಿಯ ಹಳಿಗೆ ಬಿಡುವುದು ನಿಂತಿತು. ಆದ್ದರಿಂದ 1948ರ ಗಾಡಿ ಮಾಡುವವನು ಪ್ರತಿ ಹಳೆಯ ವ್ಯಾಗನ್ನನ್ನೂ ಮಗುಚಿ ಹಾಕಿ ಕೇಳಿಕೊಳ್ಳಬೇಕು: ಇದರ ಮಾಲೀಕರು ಅಷ್ಟರಲ್ಲಿ ದುಡ್ಡು ಖರ್ಚು ಮಾಡಿದ್ದರೇ, ಇಲ್ಲವೇ? ಒಂದು ಕಂಪನಿಯ ಹಣಕಾಸಿನ ಸ್ಥಿತಿಯ ಪ್ರಶ್ನೆ ಅದು. ಪುಸ್ತಕದಲ್ಲಿ ಯಾರೂ ಕೇಳದ ಪ್ರಶ್ನೆ, ಮೇಜಿನ ಮೇಲೆ ತಪ್ಪಿಸಿಕೊಳ್ಳಲಾಗದ ಪ್ರಶ್ನೆ. ಎಕ್ಸ್-29ರ ಪಕ್ಕದ ತಗಡಿನ ತಳದಲ್ಲೂ ಇಂಥದ್ದೇ ಒಂದಿದೆ. ಹೊರಗಿನ ಉಕ್ಕಿನ ತಗಡಿಗೂ ಒಳಗಿನ ಮರದ ಹಲಗೆಗೂ ನಡುವೆ ತೇವ ಇಳಿದು ಕೂತು, ತಗಡನ್ನು ಕೆಳಗಿನಿಂದ ತುಕ್ಕು ತಿನ್ನುತ್ತ ಬಂತು. ರಿಪೇರಿಯವರು ಬುಡದುದ್ದಕ್ಕೂ ತೇಪೆ ತಗಡು ಇಟ್ಟು ರಿವೆಟ್ ಹೊಡೆದರು. ಹಾಗಾಗಿ 1925ರ ಎಕ್ಸ್-29ಕ್ಕೆ ತೇಪೆ ಇರಕೂಡದು, ಯುದ್ಧ ಮುಗಿದ ಮೇಲಿನ ಹಲವು ವ್ಯಾಗನ್ನುಗಳಿಗೆ ಇರಲೇಬೇಕು. ಒಂದೂಕಾಲು ಇಂಚಿನ ರಿವೆಟ್ ತಲೆ ನಮ್ಮ ಅಳತೆಯಲ್ಲಿ ಅರ್ಧ ಮಿಲಿಮೀಟರಿಗೂ ಕಡಿಮೆ. ನೀವು ಎಣಿಸುತ್ತೀರಿ ಅಂದಿರಲ್ಲ, ನಿಜ, ಎಣಿಸುತ್ತೇವೆ. ಆ ತೇಪೆಯಲ್ಲಿ ಎಷ್ಟು ರಿವೆಟ್ಟಿನ ಕೆಲಸವಾಗಿತ್ತು ಅಂತ ತಿಳಿಯುವುದಕ್ಕೆ ಎಣಿಸುತ್ತೇವೆ.

ಮೇಷ್ಟ್ರು: ಬಣ್ಣದ ವಿಷಯ? ಕಪ್ಪು ಬಿಳುಪು ಫೋಟೋದಿಂದ ಕಂದು ಹೇಗೆ ಹುಟ್ಟುತ್ತದೆ? ಅಲ್ಲಿ ಕಲ್ಪನೆಗೆ ಬಿಟ್ಟುಕೊಟ್ಟ ಹಾಗಲ್ಲವೇ?

ಹವ್ಯಾಸಿ: ಕೆಲವು ಕಡೆ ಹೌದು. ಆದರೆ ಜಾಕ್ ಡೆಲಾನೊ ಎನ್ನುವ ಛಾಯಾಗ್ರಾಹಕ 1942ರ ಡಿಸೆಂಬರಿನಲ್ಲಿ ಸರ್ಕಾರದ ಕೆಲಸದ ಮೇಲೆ ಶಿಕಾಗೋದ ಪ್ರೊವಿಸೊ ಯಾರ್ಡಿಗೆ ಹೋಗಿ ಕೊಡಾಕ್ರೋಮ್ ಫಿಲ್ಮಿನಲ್ಲಿ ಬಣ್ಣದ ಚಿತ್ರಗಳನ್ನು ತೆಗೆದರು. ಅವು ಈಗ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ. ಆ ಚಿತ್ರಗಳಲ್ಲಿ ಕಂದು ಒಂದೇ ಅಲ್ಲ. ಒಂದು ಇಟ್ಟಿಗೆಯ ಹಾಗೆ, ಒಂದು ಕಾಚಿನ ಹಾಗೆ, ಇನ್ನೊಂದು ಮಸಿ ಕುಡಿದು ಕಪ್ಪಿಗೇ ಹತ್ತಿರ. ಬಣ್ಣಕ್ಕೆ ಕಬ್ಬಿಣದ ಆಕ್ಸೈಡ್ ಬಳಸುತ್ತಿದ್ದುದು ಅಗ್ಗ, ಬಾಳಿಕೆ ಅಂತ. ಒಂದೊಂದು ಕಂಪನಿಯ ಹದ ಒಂದೊಂದು. ಈ ಮಸಿ ಹಿಡಿದ ಮೈಮೇಲೆ ಮಾತ್ರ ಒಂದು ಪುಟ್ಟ ಚೌಕ ಹೊಸ ಬಣ್ಣದ್ದು ಕಾಣುತ್ತದೆ, ಅದರಲ್ಲಿ ಬಿಳಿ ಅಂಕಿಗಳು. ಸರಕಿಗೆ ತೂಕದ ಮೇಲೆ ಬಾಡಿಗೆ. ತೂಕ ಸರಿಯಾಗಬೇಕಾದರೆ ಖಾಲಿ ವ್ಯಾಗನ್ನಿನ ಭಾರ ಸರಿಯಾಗಿ ಗೊತ್ತಿರಬೇಕು. ಹಲಗೆ ಒಣಗುತ್ತದೆ, ತಗಡು ಸವೆಯುತ್ತದೆ, ರಿಪೇರಿಯಲ್ಲಿ ಭಾರ ಸೇರುತ್ತದೆ. ಆದ್ದರಿಂದ ಆಗಾಗ ಮತ್ತೆ ತೂಗಿ, ಹಳೆಯ ಅಂಕಿಯ ಮೇಲೆ ಬಣ್ಣ ಬಳಿದು, ಹೊಸ ತೂಕ, ತೂಗಿದ ಜಾಗದ ಗುರುತು, ತಿಂಗಳು, ವರ್ಷ ಬರೆಯಬೇಕಿತ್ತು. ನಮ್ಮ ಅಳತೆಯಲ್ಲಿ ಆ ಅಕ್ಷರಗಳು ಸಾಸಿವೆಗಿಂತ ಚಿಕ್ಕವು. 1947ರ ಗಾಡಿಯಲ್ಲಿ 1949ರ ತೂಕದ ತಾರೀಖು ಇದ್ದರೆ ಆ ವ್ಯಾಗನ್ನು ಅಲ್ಲಿ ಇರಲಿಲ್ಲ, ಅಷ್ಟೇ.

ಮೇಷ್ಟ್ರು: ಒಂದು ಮಾತು ಬಾಕಿ ಇದೆ, ಅದೇ ನನಗೆ ಮುಖ್ಯ. ಇಷ್ಟೆಲ್ಲ ನಿಖರತೆಯಲ್ಲಿ ಮನುಷ್ಯ ಎಲ್ಲಿ? ಈ ವ್ಯಾಗನ್ನುಗಳ ಮೇಲೆ ಹತ್ತಿ, ಜಾರಿ, ಬಿದ್ದು ಸತ್ತವರಿದ್ದಾರೆ. ನಿಮ್ಮ ಕಪಾಟಿನಲ್ಲಿ ಎಲ್ಲ ನೀಟಾಗಿ ನಿಂತಿದೆ. ನೋವನ್ನು ತೊಳೆದು ವಸ್ತುವನ್ನಷ್ಟೇ ಉಳಿಸಿಕೊಳ್ಳುವುದು ಇತಿಹಾಸಕ್ಕೆ ಮಾಡುವ ಅನ್ಯಾಯ.

ಹವ್ಯಾಸಿ: ಕಪಾಟಿನಲ್ಲಿ ಮನುಷ್ಯರಿಲ್ಲ, ಅದು ನಿಜ. ಡೆಲಾನೊ ಅವರ ಚಿತ್ರಗಳಲ್ಲಿ ಇದ್ದಾರೆ. 1943ರಲ್ಲಿ ಅಯೋವಾದ ಕ್ಲಿಂಟನ್ ಶೆಡ್ಡಿನಲ್ಲಿ ಎಂಜಿನ್ ಒರೆಸುತ್ತಿದ್ದ ಹೆಂಗಸರು ಬುತ್ತಿ ಬಿಚ್ಚಿ ಕೂತಿರುವ ಚಿತ್ರ ಹೇಳುವುದನ್ನು ಯಾವ ಮಾದರಿಯೂ ಹೇಳಲಾರದು. ಆದರೆ ನೋವು ತೊಳೆದುಹೋಗುತ್ತದೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ವ್ಯಾಗನ್ನಿನ ಮೂಲೆಯಲ್ಲಿರುವ ಕೈಹಿಡಿ ಸರಳನ್ನು ನೋಡಿ. ಏರ್ ಬ್ರೇಕು ಬರುವ ಮೊದಲು ಬ್ರೇಕ್‌ಮನ್ ಓಡುವ ಗಾಡಿಯ ಚಾವಣಿಯ ಮೇಲೆ, ಹಿಮ ಹಿಡಿದ ಹಲಗೆಯ ಮೇಲೆ, ಒಂದು ವ್ಯಾಗನ್ನಿನಿಂದ ಇನ್ನೊಂದಕ್ಕೆ ದಾಟುತ್ತ ಕೈಯಿಂದ ಬ್ರೇಕಿನ ಚಕ್ರ ತಿರುಗಿಸಬೇಕಿತ್ತು. ಹಳೆಯ ಕೊಂಡಿ ಸಿಕ್ಕಿಸುವಾಗ ಎರಡು ವ್ಯಾಗನ್ನುಗಳ ನಡುವೆ ಕೈಯಿಟ್ಟು ಬೆರಳು ಕಳೆದುಕೊಂಡವರು, ಜೀವ ಕಳೆದುಕೊಂಡವರು ಲೆಕ್ಕವಿಲ್ಲದಷ್ಟು. 1893ರ ಸುರಕ್ಷಾ ಕಾಯ್ದೆ ತನ್ನಷ್ಟಕ್ಕೆ ಸಿಕ್ಕಿಕೊಳ್ಳುವ ಕೊಂಡಿಯನ್ನೂ ಏರ್ ಬ್ರೇಕನ್ನೂ ಕಡ್ಡಾಯ ಮಾಡಿತು. 1910ರ ಕಾಯ್ದೆಯ ಅಡಿಯಲ್ಲಿ ಮುಂದಿನ ವರ್ಷ ಬಂದ ನಿಯಮಗಳು ಏಣಿ ಎಲ್ಲಿರಬೇಕು, ಸರಳು ಎಷ್ಟು ದಪ್ಪ, ಗೋಡೆಯಿಂದ ಎಷ್ಟು ದೂರ ಅಂತ ಗೆರೆ ಎಳೆದವು. ದಪ್ಪ ಕನಿಷ್ಠ ಒಂದು ಇಂಚಿನ ಎಂಟನೇ ಐದು ಪಾಲು. ಗೋಡೆಗೂ ಸರಳಿಗೂ ನಡುವೆ ಕನಿಷ್ಠ ಎರಡು ಇಂಚು ಬಿಡುವು. ಯಾಕೆ ಎರಡು ಇಂಚು? ಕೈಗವಸು ಹಾಕಿದ ಗಂಡಸಿನ ಬೆರಳು ಒಳಗೆ ಹೋಗಬೇಕಲ್ಲ. ಅಗ್ಗದ ಆಟಿಕೆಯಲ್ಲಿ ಈ ಸರಳು ಗೋಡೆಗೇ ಅಂಟಿದ ಒಂದು ಉಬ್ಬುಗೆರೆ, ಅದರ ಹಿಂದೆ ಬೆರಳಿಗೆ ಜಾಗವಿಲ್ಲ. ನಾವು ಆ ಉಬ್ಬನ್ನು ಕೆತ್ತಿ ತೆಗೆದು, ತೀರ ತೆಳುವಾದ ಡ್ರಿಲ್ಲಿನಿಂದ ತೂತು ಕೊರೆದು, ಕಂಚಿನ ತಂತಿಯನ್ನು ಬಗ್ಗಿಸಿ ಸಿಕ್ಕಿಸುತ್ತೇವೆ. ತಂತಿಯ ಹಿಂದೆ ಉಳಿಯುವ ಅರ್ಧ ಮಿಲಿಮೀಟರಿನ ಸಂದಿದೆಯಲ್ಲ, ಅದು ಆ ಬೆರಳುಗಳ ಜಾಗ. ಅದನ್ನು ಬಿಡಿಸಿಕೊಡುವುದಕ್ಕೇ ಒಂದು ಸಂಜೆ ಹಿಡಿಯುತ್ತದೆ.

ಮೇಷ್ಟ್ರು: ಈಗ ಇದೆಲ್ಲ ಸಿದ್ಧವಾಗಿ ಸಿಗುತ್ತದಂತಲ್ಲ. ಕಾರ್ಖಾನೆಯವರೇ ತಂತಿಯ ಸರಳು ಹಾಕಿ, ತೂಕದ ತಾರೀಖು ಬರೆದು ಕೊಡುತ್ತಾರೆ ಅಂತ ಕೇಳಿದ್ದೇನೆ.

ಹವ್ಯಾಸಿ: ಕೊಡುತ್ತಾರೆ, ಚೆನ್ನಾಗಿಯೇ ಕೊಡುತ್ತಾರೆ, ಅದರಿಂದ ಹವ್ಯಾಸಕ್ಕೆ ಲಾಭವೇ ಆಗಿದೆ. ತೊಡಕು ಇರುವುದು ಅಚ್ಚಿನ ಖರ್ಚಿನಲ್ಲಿ. ಉಕ್ಕಿನ ಅಚ್ಚು ಮಾಡಿಸಿದವನು ಅದೇ ಮೈಗೆ ಹತ್ತು ಕಂಪನಿಗಳ ಹೆಸರು ಬರೆದು ಮಾರಬೇಕಾಗುತ್ತದೆ. ಅವುಗಳಲ್ಲಿ ನಾಲ್ಕಕ್ಕೋ ಐದಕ್ಕೋ ಆ ಮೈ ಹೊಂದುತ್ತದೆ, ಉಳಿದ ಕಂಪನಿಗಳ ಅಸಲು ವ್ಯಾಗನ್ನಿನ ಕೊನೆಗೋಡೆಯೋ ಚಾವಣಿಯೋ ಬೇರೆಯೇ ಇತ್ತು. ಸಣ್ಣ ಸಂಖ್ಯೆಯ ಮಾದರಿಗಳಿಗೆ 1980ರ ದಶಕದಿಂದ ರೆಸಿನ್ ಎರಕ ದಾರಿ ಮಾಡಿಕೊಟ್ಟಿತು: ಕೈಯಿಂದ ಒಂದು ಮೂಲ ಮಾಡಿ, ಸಿಲಿಕೋನ್ ರಬ್ಬರಿನಲ್ಲಿ ಅಚ್ಚು ತೆಗೆದು, ಎರಡು ದ್ರವ ಬೆರೆಸಿ ಸುರಿದರೆ ನಿಮಿಷಗಳಲ್ಲಿ ಗಟ್ಟಿ. ಯುದ್ಧಕಾಲದಲ್ಲಿ ಉಕ್ಕು ಉಳಿಸಲು ಮರದ ಹಲಗೆ ಹೊಡೆದು ಕಟ್ಟಿದ ವ್ಯಾಗನ್ನುಗಳಿದ್ದವಲ್ಲ, ಹಲಗೆಯ ಮೇಲೆ ಓರೆಯಾಗಿ ಉಕ್ಕಿನ ಪಟ್ಟಿ ಬಿಗಿದಂಥವು, ಅಂಥವು ಹೀಗೆ ಬಂದವು. ಅಂಗಡಿಯವನು ಲಾಭವಿಲ್ಲ ಅಂತ ಕೈಬಿಡುವ ಮಾದರಿಗಳನ್ನು ಯಾರಾದರೂ ಕೈಯಲ್ಲಿ ಮಾಡಲೇಬೇಕು.

ಮೇಷ್ಟ್ರು: ಈಗ ಮೇಜಿನ ಮೇಲಿರುವುದು ಯಾವುದು? ಅಂಥ ಅಪರೂಪದ್ದೇ?

ಹವ್ಯಾಸಿ: ಅಲ್ಲ, ಎಕ್ಸ್-29. ಐದರಲ್ಲಿ ನಾಲ್ಕನೆಯದು. ಮೂರು ಈಗಾಗಲೇ ಸಾಲಿನಲ್ಲಿವೆ. ಇದರ ಬುಡಕ್ಕೆ ತೇಪೆ ಹಚ್ಚಿ ಆಯಿತು, ಹೊಟ್ಟೆಯ ಕೆಳಗೆ ಎಬಿ ಬ್ರೇಕು. ಇನ್ನು ಮೂಲೆಯ ತಂತಿಗಳು. ಐದನೆಯದಕ್ಕೆ ತೇಪೆ ಇರಬೇಕೋ ಬೇಡವೋ ಅನ್ನುವುದು ಅದಕ್ಕೆ ಯಾವ ನಂಬರು ಕೊಡುತ್ತೇನೆ ಅನ್ನುವುದರ ಮೇಲೆ ಹೋಗುತ್ತದೆ, ಆ ನಂಬರಿನ ಫೋಟೋ ಇನ್ನೂ ಹುಡುಕುತ್ತಿದ್ದೇನೆ.